ತಲೆಯ ಹೊಟ್ಟಿನ ಕಥೆ

ಮೊರದಲ್ಲಿ ಧಾನ್ಯವನ್ನು ಕೇರುವಾಗ ಹಾರಿಬೀಳುವ ಹೊಟ್ಟನ್ನು ದಿನವೂ ಕಂಡ ಜನ, ಬಾಚಣಿಗೆಯ ಹಲ್ಲಿನಿಂದ ಹೆಗಲ ಮೇಲೆ ಉದುರುವ ಬಿಳಿಯ ಪುಡಿಗೂ ಅದೇ ಹೆಸರನ್ನಿತ್ತರು; ತಲೆಹೊಟ್ಟು ಎಂದರು. ಈ ಹೋಲಿಕೆ ಕನ್ನಡಿಗರಿಗೆ ಮಾತ್ರ ಹೊಳೆದದ್ದಲ್ಲ. ಪ್ರಾಚೀನ ಗ್ರೀಕರು ಈ ತೊಂದರೆಯನ್ನು ‘ಪಿಟಿರಿಯಾಸಿಸ್’ ಎಂದು ಕರೆದರು. ಆ ಪದದ ಮೂಲವಾದ ‘ಪಿಟಿರಾನ್’ ಎಂದರೆ ಧಾನ್ಯದ ಹೊಟ್ಟು. ಲ್ಯಾಟಿನ್ ಭಾಷೆಯ ‘ಫರ್ಫರ್’ ಎಂಬ ಮಾತಿಗೂ ಅರ್ಥ ಅದೇ. ದೇಶ ದೂರವಾದರೂ ಕಣ್ಣಿಗೆ ಕಂಡದ್ದು ಒಂದೇ.

ಹೆಸರಿನ ವಿಷಯದಲ್ಲಿದ್ದ ಈ ಒಮ್ಮತ ಕಾರಣದ ವಿಷಯದಲ್ಲಿ ಇರಲಿಲ್ಲ. ಮೈಯ ಉಷ್ಣ ತಲೆಗೇರಿದೆ ಎನ್ನುವವರು ಕೆಲವರು. ಹೊಸ ಊರಿನ ನೀರು ಒಗ್ಗಲಿಲ್ಲ ಎನ್ನುವವರು ಕೆಲವರು. ಯಾರದೋ ಬಾಚಣಿಗೆಯಿಂದ ಅಂಟಿಕೊಂಡಿತು ಎಂದು ದೂರುವವರು ಮತ್ತೆ ಕೆಲವರು. “ತಲೆಗೆ ಎಣ್ಣೆ ಕಂಡು ಎಷ್ಟು ದಿನವಾಯಿತೇ ಪುಟ್ಟೀ? ಒಣಗಿ ಹೊಟ್ಟೇಳದೆ ಇನ್ನೇನಾದೀತು!” ಎಂದು ಗದರುತ್ತ ಅಜ್ಜಿ ಮೊಮ್ಮಗಳ ನೆತ್ತಿಗೆ ಅಂಗೈ ತುಂಬ ಕೊಬ್ಬರಿ ಎಣ್ಣೆಯನ್ನು ಸುರಿಯುವುದು ಮನೆಮನೆಯ ದೃಶ್ಯ. ಈ ಊಹೆಗಳೆಲ್ಲದರ ಭಾರವೂ ಕೊನೆಗೆ ಬೀಳುವುದು ತೊಂದರೆಗೊಳಗಾದವರ ಮೇಲೆಯೇ. ಕೊಳಕರು, ಅಲಕ್ಷ್ಯ ಮಾಡುವವರು ಎಂಬ ಹೆಸರು ಬರುತ್ತದೆ. ಹದಿಹರೆಯದ ಹುಡುಗಿ ಕಪ್ಪು ರವಿಕೆ ತೊಡಲು ಹಿಂಜರಿಯುತ್ತಾಳೆ; ಕೆಲಸದ ಸಂದರ್ಶನಕ್ಕೆ ಹೊರಟ ತರುಣ ಹತ್ತು ಸಲ ಹೆಗಲು ಕೊಡವಿಕೊಳ್ಳುತ್ತಾನೆ.

ವೈದ್ಯವಿಜ್ಞಾನ ನೂರೈವತ್ತು ವರ್ಷಗಳ ಶೋಧನೆಯಿಂದ ಕಂಡುಕೊಂಡ ಉತ್ತರವಾದರೋ ಬೇರೆ. ತಲೆಹೊಟ್ಟು ಕೊಳೆಯ ಗುರುತಲ್ಲ. ಸಾಮಾನ್ಯವಾಗಿ ಒಣಗಿದ ತಲೆಯ ಗುರುತೂ ಅಲ್ಲ. ಎಲ್ಲ ಮನುಷ್ಯರ ನೆತ್ತಿಯ ಮೇಲೂ ವಾಸಿಸುವ, ಜಿಡ್ಡನ್ನೇ ಉಂಡು ಬದುಕುವ ಒಂದು ಸೂಕ್ಷ್ಮಜೀವಿಗೆ ಕೆಲವರ ಚರ್ಮ ತೋರುವ ಪ್ರತಿಭಟನೆಯೇ ಈ ಹೊಟ್ಟು.

ಚರ್ಮದ ದಿನಚರಿ

ಚರ್ಮ ನಿತ್ಯವೂ ಹೊಸದಾಗುತ್ತಿರುವ ಅಂಗ. ಹೊರಚರ್ಮದ ತಳದಲ್ಲಿ ಹುಟ್ಟಿದ ಜೀವಕೋಶ ಮೆಲ್ಲಮೆಲ್ಲನೆ ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗಿ, ಸತ್ತು, ಕೊನೆಗೆ ಉದುರಿಹೋಗುತ್ತದೆ. ಈ ಯಾತ್ರೆಗೆ ಸುಮಾರು ನಾಲ್ಕು ವಾರ ಬೇಕು. ಆರೋಗ್ಯವಂತರಲ್ಲಿ ಹೀಗೆ ಉದುರುವ ಕೋಶಗಳು ಬಿಡಿಬಿಡಿಯಾಗಿರುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ತಲೆಹೊಟ್ಟಿನವರಲ್ಲಿ ಈ ಯಾತ್ರೆ ಅವಸರದಲ್ಲಿ ಮುಗಿಯುತ್ತದೆ. ಪೂರ್ತಿ ಬಲಿಯದ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ನೂರಾರು ಒಟ್ಟಾಗಿ ಕಳಚುತ್ತವೆ. ಬಟ್ಟೆಯ ಮೇಲೆ ಬಿದ್ದ ಬಿಳಿಯ ಚೂರು ಇಂಥದೊಂದು ಗುಂಪು.

ನೆತ್ತಿಯ ಚರ್ಮದಲ್ಲಿ ಇನ್ನೊಂದು ವಿಶೇಷವುಂಟು. ಪ್ರತಿಯೊಂದು ಕೂದಲಿನ ಬುಡದಲ್ಲಿಯೂ ಜಿಡ್ಡನ್ನು ಸ್ರವಿಸುವ ಗ್ರಂಥಿಗಳಿವೆ. ನೆತ್ತಿಯಲ್ಲಿ, ಹುಬ್ಬಿನಲ್ಲಿ, ಮೂಗಿನ ಇಕ್ಕೆಲಗಳಲ್ಲಿ, ಕಿವಿಯ ಹಿಂದೆ, ಎದೆಯ ನಡುವೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಇವು ಹೆಚ್ಚು. ಹೊಟ್ಟು ಮತ್ತು ಅದರ ಬಂಧುಗಳಾದ ಚರ್ಮದ ತೊಂದರೆಗಳು ತಲೆದೋರುವುದೂ ಈ ಜಾಗಗಳಲ್ಲಿಯೇ. ಈ ಗ್ರಂಥಿಗಳು ಬಾಲ್ಯದಲ್ಲಿ ಮಂದವಾಗಿದ್ದು, ಪ್ರಾಯಕ್ಕೆ ಬರುವಾಗ ಚುರುಕಾಗುತ್ತವೆ. ತಲೆಹೊಟ್ಟು ಹದಿಹರೆಯದಲ್ಲಿ ಮೊದಲಾಗಿ, ಇಪ್ಪತ್ತರ ಆಸುಪಾಸಿನಲ್ಲಿ ಉಚ್ಛ್ರಾಯಕ್ಕೇರಿ, ಐವತ್ತು ದಾಟಿದ ಮೇಲೆ ಇಳಿಮುಖವಾಗುವುದು ಆಕಸ್ಮಿಕವಲ್ಲ. ಜಿಡ್ಡು ಇರುವೆಡೆ ಹೊಟ್ಟು ಎಂಬ ಈ ನಂಟನ್ನು ಗಮನಿಸಿದರೆ ಒಣತಲೆಯ ಸಿದ್ಧಾಂತ ಅಲ್ಲಿಯೇ ಸಡಿಲವಾಗುತ್ತದೆ.

ಹೆಸರು ಪಡೆದ ಜೀವಿ

ಪ್ಯಾರಿಸಿನ ಲೂಯಿ ಚಾರ್ಲ್ಸ್ ಮಲಸ್ಸೆ ಎಂಬ ವಿಜ್ಞಾನಿ ೧೮೭೪ರಲ್ಲಿ ತಲೆಹೊಟ್ಟಿನ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಸತ್ತ ಚರ್ಮದ ಪದರಗಳ ನಡುವೆ ಮೊಳಕೆಯೊಡೆಯುತ್ತಿರುವ ಪುಟ್ಟ ಕೋಶಗಳು ಕಂಡವು. ಹಿಟ್ಟನ್ನು ಹುದುಗಿಸುವ ಯೀಸ್ಟಿನ ಜಾತಿಗೆ ಸೇರಿದ ಶಿಲೀಂಧ್ರವದು. ೧೮೮೯ರಲ್ಲಿ ಬೇಯಾನ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಈ ವಂಶಕ್ಕೆ ಮಲಸ್ಸೆಯ ಹೆಸರನ್ನೇ ಇಟ್ಟು ‘ಮಲಸ್ಸೇಜಿಯಾ ಫರ್ಫರ್’ ಎಂದು ಕರೆದ. ಕನ್ನಡದಲ್ಲಿ ಹೇಳುವುದಾದರೆ ಅದು ‘ಮಲಸ್ಸೆಯ ಹೊಟ್ಟು’! ಅದೇ ಕಾಲದಲ್ಲಿ, ೧೮೮೭ರಲ್ಲಿ, ಜರ್ಮನಿಯ ಚರ್ಮವೈದ್ಯ ಉನ್ನಾ ಜಿಡ್ಡುಚರ್ಮದ ಉರಿಯೂತವನ್ನು ವರ್ಣಿಸಿದ. ಮೊಳಕೆಯೊಡೆದ ಕೋಶ ಕೊರಳುಳ್ಳ ಸೀಸೆಯಂತೆ ತೋರುವುದರಿಂದ ಅವನು ಅದನ್ನು ಸೀಸೆಯ ಬ್ಯಾಸಿಲಸ್ ಎಂದದ್ದೂ ಉಂಟು.

ಕಣ್ಣಿಗೆ ಕಂಡ ಜೀವಿ ಕೈಗೆ ಮಾತ್ರ ಸುಲಭವಾಗಿ ಸಿಗಲಿಲ್ಲ. ಒಂದು ಸೂಕ್ಷ್ಮಜೀವಿಯೇ ರೋಗಕ್ಕೆ ಕಾರಣವೆಂದು ಸಾಧಿಸಬೇಕಾದರೆ ಅದನ್ನು ಪ್ರಯೋಗಶಾಲೆಯಲ್ಲಿ ಪ್ರತ್ಯೇಕವಾಗಿ ಬೆಳೆಸಬೇಕು. ಸಾಮಾನ್ಯ ಶಿಲೀಂಧ್ರಗಳಿಗೆ ಮೃಷ್ಟಾನ್ನವಾದ ಸಕ್ಕರೆಯ ಮಾಧ್ಯಮದಲ್ಲಿ ಇದು ಏಳಲೇ ಇಲ್ಲ. ಈ ಸಾಹಸದಲ್ಲಿ ಭಾರತದ ಪಾಲೂ ಉಂಟು. ಕಲ್ಕತ್ತೆಯ ವೈದ್ಯ ಜಿ. ಪಂಜಾ ಅವರು ೧೯೨೭ರಲ್ಲಿ ಚರ್ಮದ ಮಲಸ್ಸೇಜಿಯಾಗಳ ಕೃಷಿ, ರೂಪ ಮತ್ತು ಪ್ರಭೇದಗಳನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿ, ನೆತ್ತಿಯ ಯೀಸ್ಟನ್ನೂ ಅದೇ ವಂಶಕ್ಕೆ ಸೇರಿಸಿದರು. ಅಷ್ಟರಲ್ಲಿ, ೧೯೨೫ರಲ್ಲಿ, ವೀಡ್‌ಮನ್ ಎಂಬ ಅಮೆರಿಕನ್ ವೈದ್ಯ ಚರ್ಮ ಸುಲಿಯುತ್ತಿದ್ದ ಭಾರತೀಯ ಘೇಂಡಾಮೃಗವೊಂದರ ಮೈಯಿಂದ ಈ ವಂಶದ ಇನ್ನೊಂದು ಪ್ರಭೇದವನ್ನು ಹೆಕ್ಕಿದ್ದ. ಇಂದು ಆ ಪ್ರಭೇದ ನಾಯಿಗಳ ಕಿವಿಯ ತುರಿಕೆಗೆ ಪ್ರಸಿದ್ಧವಾಗಿದೆ.

ಒಗಟು ಒಡೆದದ್ದು ೧೯೩೯ರಲ್ಲಿ. ಈ ಶಿಲೀಂಧ್ರಕ್ಕೆ ಬೇಕಾದದ್ದು ಕೊಬ್ಬು ಎಂಬುದನ್ನು ಅಮೆರಿಕೆಯ ರೋಡಾ ಬೆನ್ಹಮ್ ಎಂಬ ವಿಜ್ಞಾನಿ ವಿಶದಪಡಿಸಿದರು. ಅದು ಹೀಗೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ೨೦೦೭ರಲ್ಲಿ. ‘ಮಲಸ್ಸೇಜಿಯಾ ಗ್ಲೋಬೋಸಾ’ ಎಂಬ ಪ್ರಭೇದದ ವಂಶವಾಹಿಗಳನ್ನೆಲ್ಲ ಓದಿದಾಗ, ಅದರಲ್ಲಿರುವ ಸುಮಾರು ೪,೩೦೦ ವಂಶವಾಹಿಗಳಲ್ಲಿ ಕೊಬ್ಬಿನ ಘಟಕಗಳಾದ ಮೇದಾಮ್ಲಗಳನ್ನು ತಯಾರಿಸುವ ವಂಶವಾಹಿಯೇ ಇಲ್ಲವೆಂದು ತಿಳಿಯಿತು. ತನಗೆ ಬೇಕಾದ ಕೊಬ್ಬನ್ನು ತಾನೇ ಮಾಡಿಕೊಳ್ಳಲಾರದ ಈ ಜೀವಿ, ಬೇರೊಬ್ಬರ ಚರ್ಮದ ಜಿಡ್ಡನ್ನು ಆಶ್ರಯಿಸಿಯೇ ಬದುಕಬೇಕು. ಈ ವಂಶದಲ್ಲಿ ೧೯೯೬ರಲ್ಲಿ ಏಳು ಪ್ರಭೇದಗಳನ್ನು ಗುರುತಿಸಲಾಗಿತ್ತು. ಆ ಬಳಿಕ ಪಟ್ಟಿ ಇನ್ನೂ ಬೆಳೆದಿದೆ. ಮನುಷ್ಯನ ನೆತ್ತಿಯಲ್ಲಿ ಹೇರಳವಾಗಿರುವುದು ಗ್ಲೋಬೋಸಾ ಮತ್ತು ರೆಸ್ಟ್ರಿಕ್ಟಾ ಎಂಬ ಎರಡು.

ಅಪರಾಧಿಯೇ, ನೆಂಟನೇ?

ಆದರೆ ಒಂದು ದೊಡ್ಡ ಆಕ್ಷೇಪಣೆ ಉಳಿದಿತ್ತು. ಹೊಟ್ಟು ಇರುವವರ ತಲೆಯಲ್ಲಿ ಈ ಯೀಸ್ಟ್ ಇರುವುದೇನೋ ನಿಜ. ಹೊಟ್ಟು ಇಲ್ಲದವರ ತಲೆಯಲ್ಲಿಯೂ ಅದು ಇದೆಯಲ್ಲ! ೧೯೭೬ರಲ್ಲಿ ಲೇಡನ್, ಕ್ಲಿಗ್‌ಮನ್ ಮೊದಲಾದ ಅಮೆರಿಕೆಯ ಚರ್ಮವೈದ್ಯರು, ಸೂಕ್ಷ್ಮಜೀವಿಗಳು ಹೊಟ್ಟಿಗೆ ಮೂಲಕಾರಣವಲ್ಲವೆಂದು ವಾದಿಸಿದರು. ಅವರ ಪಕ್ಷದಲ್ಲಿ ಯೀಸ್ಟ್ ಊಟವಿದ್ದ ಮನೆಗೆ ಬಂದ ನೆಂಟ, ಅಡುಗೆ ಮಾಡಿದವನಲ್ಲ.

ಈ ವಾದವನ್ನು ತಿರುಗಿಸಿದ್ದು ಔಷಧಗಳು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಪ್ರೊಫೆಸರ್ ಸ್ಯಾಮ್ ಶುಸ್ಟರ್ ೧೯೮೪ರಲ್ಲಿ ಹಳೆಯ ಸಾಕ್ಷ್ಯವನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಿದರು. ಹೊಟ್ಟಿಗೆ ಉಪಶಮನ ತರುವ ಔಷಧಗಳು ಒಂದಕ್ಕೊಂದು ಸಂಬಂಧವಿಲ್ಲದ ರಾಸಾಯನಿಕಗಳಾದರೂ ಅವುಗಳಿಗೆ ಸಮಾನವಾದ ಗುಣವೊಂದಿತ್ತು: ಅವೆಲ್ಲವೂ ಈ ಯೀಸ್ಟನ್ನು ಕೊಲ್ಲುತ್ತಿದ್ದವು ಅಥವಾ ಅದರ ಬೆಳವಣಿಗೆಯನ್ನು ತಡೆಯುತ್ತಿದ್ದವು. ಆಗ ತಾನೇ ಬಳಕೆಗೆ ಬಂದಿದ್ದ ಕೀಟೋಕೋನಜೋಲ್ ಎಂಬ ಶಿಲೀಂಧ್ರನಾಶಕ ಹೊಟ್ಟನ್ನೂ ಉರಿಯೂತವನ್ನೂ ಇಳಿಸಿದ್ದು ಈ ಮಾತಿಗೆ ಬಲ ಕೊಟ್ಟಿತು. ಯೀಸ್ಟ್ ತಗ್ಗಿದರೆ ಹೊಟ್ಟು ತಗ್ಗುತ್ತದೆ. ಔಷಧ ನಿಲ್ಲಿಸಿ ಯೀಸ್ಟ್ ಮರಳಿದರೆ ಹೊಟ್ಟೂ ಮರಳುತ್ತದೆ.

ಹಾಗಾದರೆ ಒಂದೇ ಮನೆಯಲ್ಲಿ ಒಂದೇ ನೀರಿನಲ್ಲಿ ಮಿಂದ ಅಣ್ಣನಿಗೆ ಹೊಟ್ಟು, ತಮ್ಮನಿಗೆ ಇಲ್ಲ, ಇದೇಕೆ? ಇದಕ್ಕೆ ಉತ್ತರ ಯೀಸ್ಟಿನ ಊಟದ ಕ್ರಮದಲ್ಲಿದೆ. ಚರ್ಮದ ಜಿಡ್ಡನ್ನು ಅದು ತನ್ನ ಕಿಣ್ವಗಳಿಂದ ಒಡೆಯುತ್ತದೆ. ಒಡೆದಾಗ ಬರುವ ಮೇದಾಮ್ಲಗಳಲ್ಲಿ ತನಗೆ ಹಿತವಾದವನ್ನು ಉಂಡು, ಬೇಡವಾದುದನ್ನು ಎಲೆಯ ಮೇಲೆಯೇ ಬಿಡುತ್ತದೆ. ಹೀಗೆ ಬಿಟ್ಟ ಎಂಜಲಿನಲ್ಲಿ ಮುಖ್ಯವಾದದ್ದು ಓಲಿಯಿಕ್ ಆಮ್ಲ. ಅದು ಹೊರಚರ್ಮದೊಳಕ್ಕೆ ಇಳಿದು ಅದರ ಕಾವಲನ್ನು ಸಡಿಲಿಸುತ್ತದೆ. ಕೆರಳಿದ ಚರ್ಮ ತುರಿಸುತ್ತದೆ. ಕೆಟ್ಟ ಗೋಡೆಯನ್ನು ಅವಸರವಸರವಾಗಿ ಮತ್ತೆ ಕಟ್ಟಲು ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತದೆ. ಅಮೆರಿಕೆಯ ಸಂಶೋಧಕರು ೨೦೦೫ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಓಲಿಯಿಕ್ ಆಮ್ಲವನ್ನೇ ನೇರವಾಗಿ ನೆತ್ತಿಗೆ ಹಚ್ಚಿ ನೋಡಲಾಯಿತು. ಹೊಟ್ಟಿನ ಪ್ರವೃತ್ತಿಯುಳ್ಳವರಲ್ಲಿ ಚರ್ಮ ಏಳತೊಡಗಿತು, ಉಳಿದವರಲ್ಲಿ ಹಾಗಾಗಲಿಲ್ಲ. ಜಿಡ್ಡು, ಯೀಸ್ಟ್ ಮತ್ತು ಆಯಾ ಮನುಷ್ಯನ ಚರ್ಮದ ಪ್ರಕೃತಿ, ಈ ಮೂರೂ ಸೇರಿದರೆ ಮಾತ್ರ ತಲೆಹೊಟ್ಟು. ಅಣ್ಣ ತಮ್ಮಂದಿರ ವ್ಯತ್ಯಾಸ ಶುಚಿತ್ವದ್ದಲ್ಲ, ಪ್ರಕೃತಿಯದು. ಬಾಚಣಿಗೆಯ ಮೇಲಿನ ಆರೋಪವೂ ಇದರಿಂದ ಬಿದ್ದುಹೋಗುತ್ತದೆ. ಎಲ್ಲರ ತಲೆಯಲ್ಲಿಯೂ ಮೊದಲೇ ಇರುವುದನ್ನು ಬಾಚಣಿಗೆ ಹೊಸದಾಗಿ ತರಬೇಕಾಗಿಲ್ಲ.

ಎಣ್ಣೆಯ ಪ್ರಶ್ನೆ

ಈಗ ಅಜ್ಜಿಯ ಎಣ್ಣೆಯ ವಿಚಾರ. ಎಣ್ಣೆ ಹಚ್ಚಿದ ದಿನ ಹೊಟ್ಟು ಮಾಯವಾದಂತೆ ತೋರುವುದು ಸುಳ್ಳಲ್ಲ. ನೆನೆದ ಹೊಟ್ಟು ನೆತ್ತಿಗೂ ಕೂದಲಿಗೂ ಅಂಟಿಕೊಂಡು ಉದುರದೆ ನಿಲ್ಲುತ್ತದೆ. ಅದರ ಬಿಳುಪೂ ಮರೆಯಾಗುತ್ತದೆ. ಕಾಣದಾಯಿತೆಂದ ಮಾತ್ರಕ್ಕೆ ಗುಣವಾಯಿತೆಂದಲ್ಲ. ಪ್ರಯೋಗಶಾಲೆಯಲ್ಲಿ ಈ ಯೀಸ್ಟನ್ನು ಬೆಳೆಸಬೇಕಾದರೆ ಮಾಧ್ಯಮದ ಮೇಲೆ ಆಲಿವ್ ಎಣ್ಣೆ ಸುರಿಯುವ ಪದ್ಧತಿಯುಂಟು. ಓಲಿಯಿಕ್ ಆಮ್ಲಕ್ಕೆ ಹೆಸರು ಬಂದದ್ದೂ ಆಲಿವಿನಿಂದಲೇ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳಲ್ಲಿಯೂ ಅದು ಗಣನೀಯವಾಗಿದೆ. ಹೊಟ್ಟಿರುವ ತಲೆಗೆ ಎಣ್ಣೆ ಹಚ್ಚಿ, ದಿನಗಟ್ಟಲೆ ಹಾಗೆಯೇ ಬಿಟ್ಟರೆ ಯಾರಿಗೆ ಔತಣವಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಇದರಿಂದ ಹಿರಿಯರ ಅಭ್ಯಂಜನವೇ ತಪ್ಪೆಂದು ತಿಳಿಯಬೇಕಾಗಿಲ್ಲ. ಆ ಪದ್ಧತಿಯಲ್ಲಿ ಎಣ್ಣೆಯಷ್ಟೇ ಮುಖ್ಯವಾದದ್ದು ಆಮೇಲಿನ ಸೀಗೆಪುಡಿ ಮತ್ತು ಬಿಸಿನೀರು. ಹಚ್ಚಿದ್ದನ್ನು ಅಂದೇ ತೊಳೆಯುತ್ತಿದ್ದರು. ಇಂದಿನ ಅವಸರದ ಬಾಳಿನಲ್ಲಿ ಹಚ್ಚುವುದು ಉಳಿದು, ತೊಳೆಯುವುದು ವಾರಕ್ಕೆ ದೂಡಲ್ಪಟ್ಟಿದೆ. ಗಟ್ಟಿಯಾಗಿ ಅಂಟಿದ ಹೊಟ್ಟನ್ನು ಮೆದುಗೊಳಿಸಲು ಸ್ನಾನಕ್ಕೆ ಸ್ವಲ್ಪ ಮುಂಚೆ ಎಣ್ಣೆ ಹಚ್ಚಿ, ಬಳಿಕ ಪೂರ್ತಿಯಾಗಿ ತೊಳೆದುಬಿಟ್ಟರೆ ಬಾಧಕವಿಲ್ಲ.

ಒಂದೇ ಜೀವಿ, ಹಲವು ಮುಖ

ತಲೆಹೊಟ್ಟು ಈ ಯೀಸ್ಟಿನ ಸೌಮ್ಯವಾದ ಮುಖ. ಅದೇ ತೊಂದರೆ ಉಲ್ಬಣಿಸಿದಾಗ ಹುಬ್ಬಿನಲ್ಲಿ, ಮೂಗಿನ ಪಕ್ಕದ ಮಡಿಕೆಯಲ್ಲಿ, ಕಿವಿಯ ಹಿಂದೆ ಚರ್ಮ ಕೆಂಪಾಗಿ ಹಳದಿಯ ಜಿಡ್ಡು ಹೊಟ್ಟು ಕಟ್ಟುತ್ತದೆ. ಇದೇ ಜಿಡ್ಡುಚರ್ಮದ ಉರಿಯೂತ, ವೈದ್ಯರ ಭಾಷೆಯ ಸೆಬೋರಿಕ್ ಡರ್ಮಟೈಟಿಸ್. ಚಳಿಗಾಲದಲ್ಲಿಯೂ ಮನಸ್ಸಿನ ಒತ್ತಡದಲ್ಲಿಯೂ ಇದು ಹೆಚ್ಚುವುದುಂಟು. ಪಾರ್ಕಿನ್‌ಸನ್ ಕಾಯಿಲೆಯವರಲ್ಲಿ ಹಾಗೂ ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚಾಗಿಯೂ ತೀವ್ರವಾಗಿಯೂ ಕಾಣಿಸುತ್ತದೆ.

ಎಳೆಗೂಸುಗಳ ನೆತ್ತಿಯಲ್ಲಿ ಹುಟ್ಟಿದ ಕೆಲವು ವಾರಗಳಲ್ಲಿ ಕಟ್ಟುವ ಹಳದಿಯ ಹಕ್ಕಳೆಯೂ ಇದೇ ಬಳಗದ್ದು. ತಾಯಿಯಿಂದ ಬಂದ ಹಾರ್ಮೋನುಗಳ ಪ್ರಭಾವದಿಂದ ಮಗುವಿನ ಜಿಡ್ಡಿನ ಗ್ರಂಥಿಗಳು ಕೆಲಕಾಲ ಚುರುಕಾಗಿರುವುದೇ ಇದಕ್ಕೆ ಹಿನ್ನೆಲೆ. ಮಗುವಿಗೆ ಇದರಿಂದ ಸಾಮಾನ್ಯವಾಗಿ ಯಾತನೆಯಿಲ್ಲ; ಬಹುಮಟ್ಟಿಗೆ ವರ್ಷ ತುಂಬುವುದರೊಳಗೆ ತಾನಾಗಿಯೇ ಹೋಗುತ್ತದೆ. ಉಗುರಿನಿಂದ ಕಿತ್ತು ಗಾಯಮಾಡದೆ, ಮೆದುಗೊಳಿಸಿ, ಸೌಮ್ಯವಾಗಿ ತೊಳೆದರೆ ಸಾಕು. ಬಾಣಂತಿಯ ಪಥ್ಯ ತಪ್ಪಿದ್ದರಿಂದ ಹೀಗಾಯಿತೆಂದು ಆಕೆಯನ್ನು ದೂರುವುದು ಅನ್ಯಾಯ.

ಅದಕ್ಕಿಂತ ದೊಡ್ಡ ಅನ್ಯಾಯ ನಡೆಯುವುದು ಸಿಬ್ಬಿನ ವಿಷಯದಲ್ಲಿ. ಬೆವರುವ ಸೆಕೆಯಲ್ಲಿ, ಎದೆ, ಬೆನ್ನು, ಕತ್ತುಗಳ ಮೇಲೆ ಬಿಳಿಚಿಕೊಂಡ ಅಥವಾ ಕಂದಿದ ಮಚ್ಚೆಗಳಾಗಿ ತೋರುವ ಈ ತೊಂದರೆಯೂ ಇದೇ ಯೀಸ್ಟಿನ ಕೆಲಸ. ಈ ಮಚ್ಚೆಗಳಲ್ಲಿ ಶಿಲೀಂಧ್ರವಿರುವುದನ್ನು ಐಕ್‌ಸ್ಟೆಟ್ ಎಂಬ ಜರ್ಮನ್ ವೈದ್ಯ ೧೮೪೬ರಷ್ಟು ಹಿಂದೆಯೇ ಕಂಡಿದ್ದ. ಆದರೂ ಇಂದಿಗೂ ಇದನ್ನು ತೊನ್ನೆಂದೋ ಕುಷ್ಠವೆಂದೋ ಭ್ರಮಿಸಿ, ಗೊತ್ತಾಗಿದ್ದ ಮದುವೆಯ ಮಾತನ್ನೇ ನಿಲ್ಲಿಸುವ ಮನೆಗಳುಂಟು. ತೊನ್ನೂ ಅಂಟುವ ರೋಗವಲ್ಲ, ಕುಷ್ಠವೂ ಔಷಧದಿಂದ ಗುಣವಾಗುವ ರೋಗ ಎಂಬುದು ಬೇರೆಯ ಮಾತು. ಸಿಬ್ಬಿನ ಮಚ್ಚೆಯನ್ನು ಮೆಲ್ಲಗೆ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಅಲ್ಲಿ ಸ್ಪರ್ಶಜ್ಞಾನ ಎಂದಿನಂತೆಯೇ ಇರುತ್ತದೆ. ತೊನ್ನಿನಲ್ಲಿ ಚರ್ಮ ನುಣುಪಾಗಿದ್ದು ಬಣ್ಣವೇ ಪೂರ್ತಿ ಹೋಗಿರುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುವುದುಂಟು. ಕೊನೆಯ ನಿರ್ಣಯ ವೈದ್ಯರದು, ನೆಂಟರಿಷ್ಟರದಲ್ಲ. ಸಿಬ್ಬಿಗೆ ಔಷಧ ಹಚ್ಚಿ ಶಿಲೀಂಧ್ರ ಸತ್ತ ಮೇಲೂ ಚರ್ಮದ ಬಣ್ಣ ಮರಳಲು ಕೆಲವು ತಿಂಗಳು ಹಿಡಿಯುತ್ತದೆ. ಬಿಳುಪು ಉಳಿದಿದೆಯೆಂದು ಔಷಧವನ್ನು ಶಂಕಿಸಬಾರದು.

ಪರಿಹಾರದ ದಾರಿ

ತಲೆಹೊಟ್ಟು ಹಗುರವಾಗಿದ್ದರೆ ಸಾಮಾನ್ಯ ಶಾಂಪೂವಿನಿಂದ ವಾರಕ್ಕೆ ಎರಡು ಮೂರು ಸಲ ತೊಳೆದರೇ ಇಳಿಯಬಹುದು. ಇಳಿಯದಿದ್ದಾಗ ಔಷಧಿಯುಳ್ಳ ಶಾಂಪೂ ಬೇಕು. ಶೇಕಡಾ ೨ರ ಕೀಟೋಕೋನಜೋಲ್, ಸೆಲೀನಿಯಮ್ ಸಲ್ಫೈಡ್, ಜಿಂಕ್ ಪಿರಿಥಿಯೋನ್ ಇವು ಯೀಸ್ಟನ್ನು ತಗ್ಗಿಸುವಂಥವು. ಸ್ಯಾಲಿಸಿಲಿಕ್ ಆಮ್ಲ ಗಟ್ಟಿಯಾದ ಹೊಟ್ಟನ್ನು ಕಳಚುವಂಥದು. ಇವನ್ನು ಬಳಸುವವರಲ್ಲಿ ಬಹುಮಂದಿ ಮಾಡುವ ತಪ್ಪು ಎರಡು. ಮೊದಲನೆಯದು, ನೊರೆ ಬಂದೊಡನೆ ತೊಳೆದುಬಿಡುವುದು. ಔಷಧಕ್ಕೆ ಕೆಲಸ ಮಾಡಲು ಸಮಯ ಬೇಕು. ಕೂದಲಿಗಲ್ಲದೆ ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಎರಡನೆಯದು, ಹೊಟ್ಟು ಹೋದೊಡನೆ ಔಷಧವನ್ನು ಪೂರ್ತಿ ತ್ಯಜಿಸುವುದು. ವಾರಕ್ಕೆರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಬಳಸಿದ ಬಳಿಕ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮುಂದುವರಿಸಿದರೆ ಹೊಟ್ಟು ಮರಳುವುದು ತಡವಾಗುತ್ತದೆ. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ.

ಕೆರೆದು ಹುಣ್ಣಾದ ನೆತ್ತಿಗೆ ನಿಂಬೆರಸ ತಿಕ್ಕಿದರೆ ಉರಿಯೇ ಹೆಚ್ಚಾಗುತ್ತದೆ. ನೆರೆಮನೆಯವರ ಸಲಹೆಯಂತೆ ಅಂಗಡಿಯಿಂದ ಸ್ಟಿರಾಯ್ಡ್ ಬೆರೆತ ಮುಲಾಮನ್ನು ತಂದು ಮುಖಕ್ಕೆ ಬಳಿಯುವುದಂತೂ ಅಪಾಯಕರ. ಮೊದಲ ಕೆಲವು ದಿನ ಕೆಂಪು ಇಳಿದು ಸಂತೋಷವಾಗುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ಬಿಟ್ಟೊಡನೆ ತೊಂದರೆ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು.

ತಲೆಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಹೊಟ್ಟಲ್ಲ ಎಂಬುದೂ ನೆನಪಿರಬೇಕು. ಬೆರಳಿನಿಂದ ಜಾರಿಸಿದರೂ ಜಾರದೆ ಕೂದಲಿಗೆ ಕಚ್ಚಿ ನಿಂತದ್ದು ಹೇನಿನ ಸೀರು. ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಮುರಿದು ಉದುರಿದ್ದರೆ ಅದು ಹುಳುಕಡ್ಡಿಯಿರಬಹುದು. ಅದು ನಿಜವಾಗಿಯೂ ಅಂಟುವಂಥದು. ಎಲ್ಲೆ ಸ್ಪಷ್ಟವಾದ ಕೆಂಪು ಮಚ್ಚೆಯ ಮೇಲೆ ಬೆಳ್ಳಿಯಂತಹ ದಪ್ಪ ಪದರವಿದ್ದರೆ ಸೋರಿಯಾಸಿಸ್ ಇದ್ದೀತು. ಇಂಥ ಲಕ್ಷಣಗಳಿದ್ದಲ್ಲಿ, ಅಥವಾ ಔಷಧಿಯ ಶಾಂಪೂವನ್ನು ಕ್ರಮವಾಗಿ ತಿಂಗಳು ಬಳಸಿದರೂ ಗುಣ ಕಾಣದಿದ್ದಲ್ಲಿ, ಚರ್ಮವೈದ್ಯರನ್ನು ಕಾಣಬೇಕು.

ತಲೆಹೊಟ್ಟಿಗೆ ಶಾಶ್ವತವಾದ ಚಿಕಿತ್ಸೆಯುಂಟೆಂದು ಸಾರುವ ಜಾಹೀರಾತುಗಳಿಗೆ ಬೆಲೆ ಕೊಡಬೇಕಾಗಿಲ್ಲ. ಪ್ರಾಯಕ್ಕೆ ಬಂದ ಯಾವ ಮನುಷ್ಯನೂ ಈ ಯೀಸ್ಟನ್ನು ತನ್ನ ಮೈಯಿಂದ ನಿರ್ಮೂಲ ಮಾಡಿಲ್ಲ. ಮಾಡಬೇಕಾದ ಅಗತ್ಯವೂ ಇಲ್ಲ. ಅದು ಮಿತಿಮೀರದಂತೆ ನೋಡಿಕೊಂಡರೆ ಸಾಕು. ಹೆಗಲ ಮೇಲೆ ನಾಲ್ಕು ಚೂರು ಹೊಟ್ಟು ಕಂಡಾಗ ಮಗಳನ್ನು ಗದರುವ ಬದಲು, ಆ ಐದು ನಿಮಿಷ ಶಾಂಪೂ ತಲೆಯಲ್ಲಿ ನಿಲ್ಲುವಂತೆ ಬಚ್ಚಲಮನೆಯ ಬಾಗಿಲಲ್ಲಿ ನಿಂತು ಅವಸರಪಡಿಸದಿದ್ದರೆ, ಮನೆಯವರು ಮಾಡಬಹುದಾದ ದೊಡ್ಡ ಉಪಕಾರ ಅದೇ.